ಗಿರಾಕಿಯ ಬೆಳ್ಳಿ, ಪತ್ತಾರನ ಕೈ

ಕೈಯಿಂದ ಬೆಳ್ಳಿ ಒಡವೆ ಮಾಡಿ ಬದುಕುವ ಸ್ವತಂತ್ರ ಕುಶಲಕರ್ಮಿ ಏಕೆ ಕಾಣೆಯಾದ ಎಂದು ಕೇಳಿದರೆ ಸಿದ್ಧ ಉತ್ತರಗಳು ಎರಡಿವೆ. ಯಂತ್ರ ಬಂತು, ಹೆಂಗಸರ ಅಭಿರುಚಿ ಬದಲಾಯಿತು. ಎರಡರಲ್ಲೂ ಸತ್ಯವಿದೆ. ಆದರೆ ಬಳ್ಳಾರಿ ಸೀಮೆಯ ಇನ್ನೂರು ವರ್ಷಗಳ ಇತಿಹಾಸವನ್ನು ಮುಂದಿಟ್ಟುಕೊಂಡರೆ ಅವು ಸಾಲುವುದಿಲ್ಲ. ಬಳ್ಳಾರಿಯ ಮಗ್ಗುಲಿನ ಹಲಕುಂದಿ, ಆಚೆಗಿನ ಕುರುಗೋಡು, ಹೊಳೆದಂಡೆಯ ಸಿರುಗುಪ್ಪ, ಇಂಥ ಊರುಗಳ ಪತ್ತಾರ, ಅಂದರೆ ಅಕ್ಕಸಾಲಿಗ, ಯಾರ ಆಳೂ ಆಗದೆ ಕೆಲಸ ಮಾಡಿದ್ದಕ್ಕೆ ಅವನ ಕೈಚಳಕವಾಗಲಿ ಉಪಕರಣವಾಗಲಿ ಮುಖ್ಯ ಕಾರಣವಲ್ಲ. ಅವನು ಕಾಸುವ ಬೆಳ್ಳಿ ಗಿರಾಕಿಯದಾಗಿತ್ತು, ಅದೇ ಕಾರಣ. ಬೆಳ್ಳಿಯ ಒಡೆತನ ಮನೆಯಿಂದ ಅಂಗಡಿಗೆ ಹೋದಂತೆ ಅವನ ಸ್ವಾತಂತ್ರ್ಯವೂ ಹೋಯಿತು. ಯಂತ್ರ ಬಂದದ್ದು ಅದರ ಬೆನ್ನಿಗೆ.

ಹಳೆಯ ಹಳ್ಳಿಯ ವ್ಯವಸ್ಥೆಯಲ್ಲಿ ಈ ಕಸುಬಿಗೆ ಗಟ್ಟಿಯಾದ ಜಾಗವಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, 1806ರ ತನ್ನ ವರದಿಯಲ್ಲಿ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆಯುವ ಹನ್ನೆರಡು ಆಯಗಾರರ ಹಳ್ಳಿಯನ್ನು ಒಂದು ಪುಟ್ಟ ಗಣರಾಜ್ಯಕ್ಕೆ ಸಮನಾಗಿ ಕಂಡ. ನೆರೆಯ ಮೈಸೂರು ಸೀಮೆಯ ಬಗ್ಗೆ 1810ರಲ್ಲಿ ಬರೆದ ಮಾರ್ಕ್ ವಿಲ್ಕ್ಸ್ ಆ ಹನ್ನೆರಡು ಜನರನ್ನು ಹೆಸರಿಸುತ್ತ ಬಂದು ಕೊನೆಗೆ ಬೆಳ್ಳಿ ಕೆಲಸದವನನ್ನು ಸೇರಿಸುತ್ತಾನೆ. ಗೌಡ, ಶಾನುಭೋಗ, ತಳವಾರ, ಕಮ್ಮಾರ, ಬಡಿಗ, ಕುಂಬಾರ, ಅಗಸ, ಇವರ ಸಾಲಿನಲ್ಲೇ ಅವನೂ ನಿಂತಿದ್ದಾನೆ. ನೇಗಿಲಿಲ್ಲದೆ ಉಳುಮೆಯಿಲ್ಲ, ಮಡಕೆಯಿಲ್ಲದೆ ಅಡುಗೆಯಿಲ್ಲ, ಸರಿ. ಬೆಳ್ಳಿ ಒಡವೆ ಮಾಡುವವನಿಗೆ ಕಣದಲ್ಲಿ ಪಾಲು ಏಕೆ? ಆ ಒಡವೆ ಬರೀ ಸಿಂಗಾರವಾಗಿದ್ದರೆ ಈ ಪಾಲು ವಿಚಿತ್ರವೇ. ಸಿಂಗಾರದ ಜೊತೆಗೆ ಅದು ಒಕ್ಕಲು ಮನೆಯ ಉಳಿತಾಯವೂ ಆಗಿತ್ತು. ಹಾಗಾಗಿ ಅದನ್ನು ಕಾಸಿ, ತೂಗಿ, ಒಡವೆಯ ರೂಪ ಕೊಡುವವನು ಊರಿಗೆ ಬೇಕೇ ಬೇಕಾದವನು.

ಅವನ ಕೆಲಸಕ್ಕೆ ಬೇಕಾದ ಬಂಡವಾಳವಂತೂ ತೀರ ಸಣ್ಣದು. ಒಂದು ಅಗ್ಗಿಷ್ಟಿಕೆ, ಮಣ್ಣಿನ ಮೂಸೆ, ಊದುಗೊಳವೆ, ಇಕ್ಕಳ, ಚಿಮಟ, ಸುತ್ತಿಗೆ, ಅಡಿಗಲ್ಲು, ತಂತಿ ಎಳೆಯಲು ತೂತುಗಳ ಉಕ್ಕಿನ ಪಟ್ಟಿ, ಕೆಲವು ಅಚ್ಚು, ಒಂದು ತ್ರಾಸು. ಬೆಳ್ಳಿ ಕರಗಲು 961 ಡಿಗ್ರಿ ಶಾಖ ಬೇಕು. ಇದ್ದಿಲಿನ ಬೆಂಕಿಗೆ ಉಸಿರು ಹಿಡಿದು ಊದಿದರೆ ಅಷ್ಟು ಶಾಖ ಮನೆಯ ಪಡಸಾಲೆಯಲ್ಲೇ ಸಿಗುತ್ತದೆ. ಬಿಳಿಗಾರ ಹಾಕಿ ಬೆಸೆದು, ಹುಣಸೆಹುಳಿಯಲ್ಲಿ ಕುದಿಸಿ, ಅಂಟುವಾಳದಿಂದ ಉಜ್ಜಿದರೆ ಕಾಲ್ಗಡಗವೋ ಉಡಿದಾರವೋ ಪಿಲ್ಲಿಯೋ ಸಿದ್ಧ. ಈ ಪಟ್ಟಿಯಲ್ಲಿ ದುಬಾರಿ ವಸ್ತು ಒಂದೇ, ಬೆಳ್ಳಿ. ಅದನ್ನು ಗಿರಾಕಿಯೇ ತರುತ್ತಿದ್ದ. ಪತ್ತಾರನಿಗೆ ಸಿಗುತ್ತಿದ್ದುದು ಮಜೂರಿ, ಮತ್ತು ಕಾಸುವಾಗ ಹೋಗುವ ಸವಕಳಿಗೆಂದು ಒಪ್ಪಿಕೊಂಡ ಒಂದಿಷ್ಟು ಪಾಲು. ದರ ಏರಿದರೂ ಇಳಿದರೂ ನಷ್ಟ ಅವನದಲ್ಲ. ಮಾರಾಟವಾಗದ ಮಾಲು ಎಂಬುದೇ ಅವನ ಬಳಿ ಇರಲಿಲ್ಲ.

ಇಲ್ಲೊಂದು ತೊಡಕಿತ್ತು. ತನ್ನ ಲೋಹವನ್ನು ಇನ್ನೊಬ್ಬನ ಬೆಂಕಿಗೆ ಒಪ್ಪಿಸುವವನಿಗೆ ಅನುಮಾನ ಸಹಜ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಎಂಬ ಗಾದೆ ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಅದನ್ನು ಒಂದು ಜಾತಿಯ ಗುಣವೆಂದು ಓದುವುದು ಅನ್ಯಾಯ; ಗಿರಾಕಿಗೆ ಪರೀಕ್ಷಿಸುವ ಸಾಧನವಿಲ್ಲದ ಕಡೆ ಯಾವ ಕಸುಬಿನವನ ಮೇಲಾದರೂ ಇಂಥ ಮಾತು ಹುಟ್ಟುತ್ತದೆ. ಬೆಳ್ಳಿಯ ಮಟ್ಟಿಗೆ ಈ ಅನುಮಾನವನ್ನು ಬಹುಪಾಲು ನೀಗಿಸಿದ್ದು ರೂಪಾಯಿ. 1835ರ ಕಾಯಿದೆಯಿಂದ ಕಂಪನಿಯ ನಾಡಿಗೆಲ್ಲ ಒಂದೇ ರೂಪಾಯಿ ಬಂತು. ತೂಕ 180 ಗ್ರೇನು, ಅಂದರೆ ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಾಣ್ಯವೇ ತೂಕದ ಬಟ್ಟು, ನಾಣ್ಯವೇ ಶುದ್ಧತೆಯ ಮುದ್ರೆ, ನಾಣ್ಯವೇ ಕಚ್ಚಾ ಮಾಲು. ಒಕ್ಕಲಿಗ ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟರೆ, ಒಡವೆ ಬಂದ ಮೇಲೆ ತ್ರಾಸಿನ ಇನ್ನೊಂದು ತಟ್ಟೆಗೆ ಇಪ್ಪತ್ತು ರೂಪಾಯಿ ಹಾಕಿ ತೂಗಿ ನೋಡಬಹುದಿತ್ತು. ಲಂಬಾಣಿ ಹೆಂಗಸರಂತೂ ರಾಣಿ ಛಾಪಿನ ರೂಪಾಯಿಗೆ ಕೊಂಡಿ ಬೆಸೆಸಿ ಹಾಗೆಯೇ ಕೊರಳಿಗೆ ಹಾಕಿಕೊಂಡರು. ಅಲ್ಲಿ ಬೆರಕೆಯ ಪ್ರಶ್ನೆಯೇ ಏಳುವುದಿಲ್ಲ.

ಬಳ್ಳಾರಿಯ ಎರೆಭೂಮಿಗೆ ಬೆಳ್ಳಿ ಬಂದದ್ದು ಹತ್ತಿಯ ದಾರಿಯಿಂದ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಕಂಡರಿಯದ ಬೆಲೆ ಬಂತು, ಅದರ ಬದಲಿಗೆ ಹಿಂದೂಸ್ಥಾನಕ್ಕೆ ಬೆಳ್ಳಿ ಹರಿಯಿತು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಆ ಉಳಿತಾಯದ ಪರೀಕ್ಷೆಯೂ ಆಯಿತು. 1876ರಿಂದ 78ರ ಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿಯಿತು. ಸಿರುಗುಪ್ಪದಂಥ ಕಡೆ ತುಂಗಭದ್ರೆಯಿಂದ ವಿಜಯನಗರದ ಕಾಲದ ಕಾಲುವೆಗಳಾದರೂ ಇದ್ದವು, ಮಳೆಯನ್ನೇ ನಂಬಿದ ಊರುಗಳಿಗೆ ಅದೂ ಇಲ್ಲ. ದಕ್ಷಿಣದ ಮನೆಗಳ ಕಡಗ, ಡಾಬು, ಗೆಜ್ಜೆಗಳು ಸಾಹುಕಾರರ ಕೈ ದಾಟಿ ಮುಂಬೈ ಟಂಕಸಾಲೆಯಲ್ಲಿ ಕರಗಿ ಮತ್ತೆ ರೂಪಾಯಿಗಳಾದವು. ಆ ಕಾಲದಲ್ಲಿ ಯಾರೇ ಬೆಳ್ಳಿ ಒಯ್ದರೂ ಸಣ್ಣ ಖರ್ಚು ಹಿಡಿದುಕೊಂಡು ಟಂಕಸಾಲೆ ನಾಣ್ಯ ಹೊಡೆದುಕೊಡುತ್ತಿತ್ತು. ರೂಪಾಯಿ ಒಡವೆಯಾಗುವ, ಒಡವೆ ರೂಪಾಯಿಯಾಗುವ ಈ ಎರಡು ಬದಿಯ ಬಾಗಿಲೇ ಪತ್ತಾರನ ಕಸುಬಿನ ಬೆನ್ನೆಲುಬು.

ಆ ಬಾಗಿಲು 1893ರ ಜೂನ್ 26ರಂದು ಮುಚ್ಚಿತು. 1870ರ ದಶಕದಿಂದ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಕುಸಿಯುತ್ತಿತ್ತು; ಲಂಡನ್ನಿಗೆ ಚಿನ್ನದಲ್ಲಿ ಹಣ ಕಳಿಸಬೇಕಿದ್ದ ಸರ್ಕಾರ ತನ್ನ ಲೆಕ್ಕ ಸರಿದೂಗಿಸಿಕೊಳ್ಳಲು, ಜನರ ಬೆಳ್ಳಿಗೆ ನಾಣ್ಯ ಹೊಡೆಯುವುದನ್ನೇ ನಿಲ್ಲಿಸಿತು. ರೂಪಾಯಿಯ ಬೆಲೆ ನಿಂತಿತು, ಬೆಳ್ಳಿಯದು ಬಿತ್ತು. 1890ರ ದಶಕದ ಕೊನೆಗೆ ಒಂದು ರೂಪಾಯಿ ತೂಕದ ಬೆಳ್ಳಿಗೆ ಸುಮಾರು ಹತ್ತು ಆಣೆಯ ಬೆಲೆ. 1896-97ರಲ್ಲಿ ಬಳ್ಳಾರಿಗೆ ಮತ್ತೆ ಬರ ಬಂದಾಗ, ಇಪ್ಪತ್ತು ರೂಪಾಯಿ ಎಣಿಸಿ ಮಾಡಿಸಿದ ಕಡಗಕ್ಕೆ ಇಪ್ಪತ್ತು ರೂಪಾಯಿ ಕೊಡುವವರು ಎಲ್ಲೂ ಇರಲಿಲ್ಲ. ದಾದಾಭಾಯಿ ನವರೋಜಿಯವರು 1898ರ ಕರೆನ್ಸಿ ಸಮಿತಿಯ ಮುಂದೆ ಈ ನೀತಿಯನ್ನು ವಿರೋಧಿಸಿದರು. ಹಳ್ಳಿಯ ಪತ್ತಾರನ ಅವನತಿಗೆ ಒಂದು ತಾರೀಖು ಹೇಳಬೇಕಾದರೆ ಇದನ್ನೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಅವನ ಕೈಯಲ್ಲಿ ಏನೂ ಬದಲಾಗಿರಲಿಲ್ಲ, ಅವನ ಕೆಲಸದ ಅರ್ಥ ಬದಲಾಗಿತ್ತು.

ಇದಕ್ಕೆ ಎದುರಾಗಿ ಹೇಳುವ ಮಾತೊಂದು ಹಳೆಯದು: ಒಡವೆಯಲ್ಲಿ ಹೂತ ಹಣ ಸತ್ತ ಹಣ, ಅದು ಬಾವಿ ತೋಡಿಸಲಿಲ್ಲ, ಎತ್ತು ಕೊಳ್ಳಲಿಲ್ಲ. ಅರ್ಥಶಾಸ್ತ್ರಜ್ಞ ಕೇನ್ಸ್ ಕೂಡ 1913ರ ತನ್ನ ಪುಸ್ತಕದಲ್ಲಿ ಹಿಂದೂಸ್ಥಾನದವರು ಬೆಳ್ಳಿಬಂಗಾರ ಕೂಡಿಡುವುದನ್ನು ದೂರಿದ. ಎಲ್ಲರೂ ಒಟ್ಟಿಗೆ ಮಾರಲು ಬಂದ ಬರಗಾಲದಲ್ಲಿ ಒಡವೆಗೆ ಬೆಲೆ ಬೀಳುತ್ತದೆ, ದೊಡ್ಡ ಕ್ಷಾಮಕ್ಕೆ ಅದು ದುರ್ಬಲ ರಕ್ಷೆ ಎಂಬುದನ್ನು ಒಪ್ಪಲೇಬೇಕು. ಆದರೆ ಮನೆಯೊಂದರ ಆಪತ್ತುಗಳಿಗೆ, ಅಂದರೆ ಎತ್ತು ಸತ್ತಾಗ, ಹೆರಿಗೆ ಕಷ್ಟವಾದಾಗ, ಕಂದಾಯದ ಕಂತಿಗೆ, ಬ್ಯಾಂಕಿಲ್ಲದ ಸೀಮೆಯಲ್ಲಿ ಇನ್ನೊಂದು ದಾರಿ ಯಾವುದಿತ್ತು? ಹೊಲ ಗಂಡಸಿನ ಹೆಸರಿನಲ್ಲಿ, ಸಾಲದ ಪತ್ರ ಗಂಡಸಿನ ಹೆಬ್ಬೆಟ್ಟಿನಲ್ಲಿ. ಹೆಣ್ಣಿನದೆಂದು ಊರೇ ಒಪ್ಪಿದ ಆಸ್ತಿ ಅವಳ ಮೈಮೇಲಿನ ಬೆಳ್ಳಿಯೊಂದೇ. ಅದನ್ನು ಸತ್ತ ಹಣವೆನ್ನುವವರು ಯಾರ ಕಡೆಯಿಂದ ಲೆಕ್ಕ ಹಾಕುತ್ತಿದ್ದಾರೆಂದು ಕೇಳಬೇಕಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಜಾತಿಯ ಕಸುಬಿಗೆ ಹುಟ್ಟಿನಿಂದಲೇ ಕಟ್ಟುಬಿದ್ದು, ಗೌಡರ ಕಣದ ಪಾಲಿಗೆ ಕಾದವನನ್ನು ಸ್ವತಂತ್ರ ಎನ್ನುವುದು ಸರಿಯೇ? ಸಮಾಜದ ಅರ್ಥದಲ್ಲಿ ಅವನು ಸ್ವತಂತ್ರನಲ್ಲ, ಖಂಡಿತ. ಕಸುಬನ್ನು ಬಿಟ್ಟು ಹೊರಗೆ ನಡೆದವರ ನೆನಪು ಉಳಿದಿರುವುದೂ ಅದು ಅಪರೂಪವಾದ್ದರಿಂದ. ಅಕ್ಕಸಾಲಿಕೆಯಿಂದ ಬಂದು ಕಿನ್ನರಿ ಹಿಡಿದನೆಂದು ಪರಂಪರೆ ಹೇಳುವ ಶರಣ ಕಿನ್ನರಿ ಬ್ರಹ್ಮಯ್ಯ ಅಂಥವನು. ನಾನು ಹೇಳುತ್ತಿರುವ ಸ್ವಾತಂತ್ರ್ಯ ಕೆಲಸಕ್ಕಷ್ಟೇ ಸೇರಿದ್ದು: ಯಾವ ಒಡವೆ, ಎಷ್ಟು ದಿನ, ಯಾರಿಗೆ ಎಂಬುದನ್ನು ಮಧ್ಯವರ್ತಿ ಇಲ್ಲದೆ ಗಿರಾಕಿಯ ಜೊತೆ ಕೂತು ತೀರ್ಮಾನಿಸುವುದು. ಅದು ಸಣ್ಣದಿರಬಹುದು, ಆದರೂ ಇಂದು ಅಂಗಡಿಗೆ ತುಂಡು ಲೆಕ್ಕದಲ್ಲಿ ದುಡಿಯುವವನಿಗೆ ಇಲ್ಲದ್ದು.

ಇಪ್ಪತ್ತನೆಯ ಶತಮಾನ ಉಳಿದದ್ದನ್ನು ಮುಗಿಸಿತು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ಹೊತ್ತಿಗೆ ರೂಪಾಯಿ ನಿಕ್ಕಲ್ಲಿನದಾಯಿತು. ಅಲ್ಲಿಗೆ ಗಿರಾಕಿಯ ಕೈಯಲ್ಲಿ ಖಚಿತ ಶುದ್ಧತೆಯ ಬೆಳ್ಳಿ ಎಂಬುದೇ ಹೊಸದಾಗಿ ಸೇರುವುದು ನಿಂತಿತು. ಬೆಳ್ಳಿ ಬೇಕಾದವನು ಅಂಗಡಿಗೇ ಹೋಗಬೇಕು, ಅಂಗಡಿಗೆ ಹೋದವನಿಗೆ ಸೇಲಂನ, ಕೊಲ್ಹಾಪುರ ಜಿಲ್ಲೆಯ ಹುಪರಿಯ ಸಿದ್ಧ ಕಾಲುಚೈನು, ಗೆಜ್ಜೆಗಳು ಕಣ್ಣೆದುರೇ ಇವೆ. 1963ರ ಚಿನ್ನದ ನಿಯಂತ್ರಣ ಬೆಳ್ಳಿಯನ್ನು ಮುಟ್ಟಲಿಲ್ಲ, ಆದರೆ ಎರಡನ್ನೂ ಮಾಡುತ್ತಿದ್ದ ಕುಟುಂಬಗಳ ಆದಾಯದ ದೊಡ್ಡ ಕಾಲನ್ನೇ ಮುರಿಯಿತು. ಇದರ ನಡುವೆಯೂ ಮಾಡಿಸುವ ಪದ್ಧತಿ ಉಳಿದ ಕಡೆ ನೋಡಿದರೆ ನನ್ನ ವಾದಕ್ಕೆ ಆಧಾರ ಸಿಗುತ್ತದೆ. ಲಿಂಗಾಯತ ಮನೆಗಳ ಬೆಳ್ಳಿ ಕರಡಿಗೆ, ಚೌಕಗಳನ್ನು ನೋಡಿ. ಮನೆಯಲ್ಲಿನ ಹಳೆಯದನ್ನು ಮುರಿಸಿ ಹೊಸದು ಮಾಡಿಸುವುದು, ಸಂದು ಬಿಟ್ಟರೆ ಬೆಸೆಸುವುದು ಇಂದಿಗೂ ಇದೆ. ಲೋಹ ಗಿರಾಕಿಯದಾಗಿರುವಲ್ಲಿ ಪತ್ತಾರನೂ ಇದ್ದಾನೆ.

ಸಂಡೂರಿನ ಲಂಬಾಣಿ ಕಸೂತಿಯ ಉದಾಹರಣೆಯನ್ನು ಇಲ್ಲಿ ಕೆಲವರು ಮುಂದಿಡಬಹುದು. ಸಂಡೂರು ಕುಶಲ ಕಲಾ ಕೇಂದ್ರದಂಥ ಸಂಸ್ಥೆ ಕಟ್ಟಿ, 2010ರಲ್ಲಿ ಭೌಗೋಳಿಕ ಸೂಚಕ ಪಡೆದು, ಆ ಕಲೆ ಹೊರಗಿನ ಮಾರುಕಟ್ಟೆ ತಲುಪಿತು. ಬೆಳ್ಳಿಗೂ ಹಾಗೆಯೇ ಮಾಡಬಾರದೇಕೆ? ಆ ಹೆಂಗಸರ ಸಾಧನೆ ದೊಡ್ಡದು. ಆದರೆ ಬಟ್ಟೆ, ದಾರ, ಕನ್ನಡಿ ಚೂರುಗಳ ಖರ್ಚು ಸಣ್ಣದು, ಬೆಲೆಯೆಲ್ಲ ಸೂಜಿಯ ಕೆಲಸದಲ್ಲಿದೆ. ಬೆಳ್ಳಿಯಲ್ಲಿ ಇದು ತಿರುಗುಮುರುಗು. 2025ರ ಎರಡನೆಯ ಅರ್ಧದಲ್ಲಿ ಕಿಲೋ ಬೆಳ್ಳಿ ಲಕ್ಷ ರೂಪಾಯಿಯ ಮೇಲೆಯೇ ನಡೆಯಿತು. ಪ್ರದರ್ಶನಕ್ಕೆಂದು ಎರಡು ಕಿಲೋ ಮಾಲು ಮಾಡಿಟ್ಟುಕೊಳ್ಳಬೇಕಾದ ಒಂಟಿ ಕುಶಲಕರ್ಮಿಗೆ ವಿನ್ಯಾಸದ ತರಬೇತಿ ಕೊಟ್ಟು, ಲೋಹವನ್ನು ನೀನೇ ತಂದುಕೋ ಎಂದರೆ ಅವನು ಸಾಲಕ್ಕೆ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.

2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನಗಳು ಬೆಳ್ಳಿ ಒಡವೆಯ ಅಡವಿನ ಮೇಲೆ ಸಾಲ ಕೊಡುವುದಕ್ಕೆ ನಿಯಮ ರೂಪಿಸಿವೆ. ಟಂಕಸಾಲೆಯ ಬಾಗಿಲು ಮುಚ್ಚಿದ 132 ವರ್ಷಗಳ ಮೇಲೆ ಹೆಣ್ಣಿನ ಕಾಲ್ಗಡಗ ಮತ್ತೆ ಲೆಕ್ಕಕ್ಕೆ ಬಂತು ಎನ್ನಬಹುದು, ಮತ್ತು ಅದು ಒಳ್ಳೆಯದೇ. ಆದರೆ ಒಡವೆ ಇದ್ದವರಿಗೆ ಈ ಸಾಲ ಸಿಗುತ್ತದೆ, ಒಡವೆ ಮಾಡುವವನಿಗಲ್ಲ. ದೊಡ್ಡ ಆಭರಣ ವ್ಯಾಪಾರಿಗಳಿಗೆ ಬ್ಯಾಂಕುಗಳು ಚಿನ್ನವನ್ನೇ ಲೋಹದ ರೂಪದಲ್ಲಿ ಸಾಲ ಕೊಡುವ ಏರ್ಪಾಡು ಮೊದಲಿನಿಂದಲೂ ಇದೆ; ಲೋಹ ತೂಗಿ ಪಡೆದು, ಮಾರಿದ ಮೇಲೆ ತೀರಿಸುತ್ತಾರೆ. ಅರ್ಧ ಕಿಲೋ, ಒಂದು ಕಿಲೋ ಬೆಳ್ಳಿಯ ಲೆಕ್ಕದಲ್ಲಿ, ಹಾಲ್‌ಮಾರ್ಕ್ ಕೇಂದ್ರದ ಪರೀಕ್ಷೆಯೊಂದಿಗೆ, ಇದೇ ಏರ್ಪಾಡನ್ನು ಬಳ್ಳಾರಿಯ ಪತ್ತಾರರ ಸಹಕಾರ ಸಂಘವೊಂದಕ್ಕೆ ಕೊಡಲು ಬ್ಯಾಂಕುಗಳಿಗೆ ಇರುವ ಅಡ್ಡಿ ಏನು ಎಂಬುದು ಈಗ ಕೇಳಬೇಕಾದ ಪ್ರಶ್ನೆ.