ಅನುದಾನ ಕೊಡುವವರು ಯಾರು?

ಅನುದಾನ ಎಂಬ ಮಾತು ನಮ್ಮ ಕಡೆ ಒಂಟಿಯಾಗಿ ಓಡಾಡುವುದಿಲ್ಲ. ಅದರ ಬೆನ್ನಿಗೊಂದು ಕ್ರಿಯಾಪದ ಅಂಟಿಕೊಂಡೇ ಇರುತ್ತದೆ. ಅನುದಾನ ಬರುತ್ತದೆ, ಬೀಳುತ್ತದೆ, ಬಿಡುಗಡೆಯಾಗುತ್ತದೆ, ಸಾಲದೇ ಹೋಗುತ್ತದೆ, ಮಾರ್ಚ್ ಮೂವತ್ತೊಂದಕ್ಕೆ ವಾಪಸ್ಸು ಹೋಗುತ್ತದೆ. ಶಾಸಕರು ಅದನ್ನು ತರುತ್ತಾರೆ, ಹಾಕುತ್ತಾರೆ. ನಮ್ಮ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಹೋಬಳಿಯ ಯಾವ ಊರಿನ ಚಹಾದಂಗಡಿಯಲ್ಲಿ ಕೂತರೂ ಇದು ಕಿವಿಗೆ ಬೀಳುತ್ತದೆ: ‘ಮ್ಯಾಗಳ ಓಣಿಗೆ ಬಂದೈತಿ, ನಮಗ ಈ ಸಲಾನೂ ಬಂದಿಲ್ಲ ನೋಡಪಾ.’ ಎಲ್ಲಿಂದ ಬಂತು ಎಂದು ಕೇಳಿದರೆ ‘ಮ್ಯಾಲಿಂದ’ ಎನ್ನುತ್ತಾರೆ. ಮಳೆಯ ಬಗ್ಗೆ ಆಡುವ ಮಾತನ್ನೇ ಹಣದ ಬಗ್ಗೆಯೂ ಆಡುತ್ತೇವೆ. ಮೆಕ್ಕೆಜೋಳವನ್ನು ಮಳೆ ನಂಬಿ ಬಿತ್ತುವ ಸೀಮೆಯಲ್ಲಿ ಈ ರೂಢಿ ಸಹಜವೇ. ಆದರೆ ಮಳೆಗೆ ಲೆಕ್ಕ ಕೇಳುವವರಿಲ್ಲ, ಅನುದಾನಕ್ಕೆ ಕೇಳಬೇಕು.

ಈ ಪದದ ತವರುಮನೆ ವಿಧಾನಸಭೆ. ಅಲ್ಲಿ ಹೋಗಿ ನೋಡಿದರೆ ಅದು ಹರಿಯುವ ದಿಕ್ಕೇ ಬೇರೆ. ನಾವು ಬಜೆಟ್ ಎನ್ನುವುದಕ್ಕೆ ಸಂವಿಧಾನದ 202ನೇ ವಿಧಿಯಲ್ಲಿರುವ ಹೆಸರು ವಾರ್ಷಿಕ ಹಣಕಾಸು ವಿವರಣ ಪತ್ರ. ಮುಂದಿನ ವಿಧಿಯಲ್ಲಿ ನಮ್ಮ ಪದ ಬರುತ್ತದೆ. ಪ್ರತಿ ಇಲಾಖೆಗೆ ಬೇಕಾದ ಹಣವನ್ನು ಸರ್ಕಾರ ‘ಅನುದಾನದ ಬೇಡಿಕೆ’ಯಾಗಿ ಸಭೆಯ ಮುಂದೆ ಇಡಬೇಕು. ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ವೇತನದಂಥ ಕೆಲವನ್ನು ಬಿಟ್ಟರೆ ಉಳಿದೆಲ್ಲ ಖರ್ಚಿಗೂ ಇದೇ ದಾರಿ. ಸಭೆ ಒಪ್ಪಬಹುದು, ಒಲ್ಲೆ ಎನ್ನಬಹುದು, ಮೊತ್ತ ಇಳಿಸಿ ಒಪ್ಪಬಹುದು. ವಿಧಾನ ಪರಿಷತ್ತು ಬಜೆಟ್ ಮೇಲೆ ಚರ್ಚೆ ಮಾಡಬಹುದೇ ಹೊರತು ಈ ಬೇಡಿಕೆಗಳಿಗೆ ಮತ ಹಾಕುವಂತಿಲ್ಲ. ಆ ಅಧಿಕಾರ ಜನ ನೇರವಾಗಿ ಆರಿಸಿ ಕಳಿಸಿದ ಸಭೆಗೆ ಮಾತ್ರ. ಅದಾದ ಮೇಲೆ ಧನವಿನಿಯೋಗ ವಿಧೇಯಕ ಪಾಸಾಗದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯೂ ಹೊರಬೀಳುವಂತಿಲ್ಲ. ಬಜೆಟ್ ಪೂರ್ತಿ ಒಪ್ಪಿಗೆಯಾಗುವಷ್ಟರಲ್ಲಿ ಏಪ್ರಿಲ್ ಬಂದುಬಿಟ್ಟರೆ ಕೆಲ ತಿಂಗಳ ಮಟ್ಟಿಗೆ ಸದನ ಕೊಡುವ ಒಪ್ಪಿಗೆಗೆ ಲೇಖಾನುದಾನ ಎಂದು ಹೆಸರು.

ಅಂದರೆ ಬೇಡುವವರು ಮಂತ್ರಿಗಳು, ಕೊಡುವವರು ನಮ್ಮ ಪರವಾಗಿ ಅಲ್ಲಿ ಕೂತವರು. ಈ ಪದದ ಮೊದಲ ಅರ್ಥದಲ್ಲಿ ಚಿಗಟೇರಿಯ ಕೂಲಿಕಾರ ಹೆಣ್ಣುಮಗಳು ಕೊಡುವವಳ ಜಾಗದಲ್ಲಿದ್ದಾಳೆ. ವಿಧಾನಸೌಧದಿಂದ ಹೊರಟು ಹರಪನಹಳ್ಳಿ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಪದ ತಿರುವುಮುರುವಾಗಿ, ಅವಳು ಅರ್ಜಿ ಹಿಡಿದು ನಿಂತಿರುತ್ತಾಳೆ.

ಊರಿನ ಯಾವುದಾದರೂ ಹೊಸ ಸಿಸಿ ರಸ್ತೆಯ ತುದಿಯಲ್ಲಿ ನಿಲ್ಲಿಸಿದ ಫಲಕವನ್ನು ಸಾವಕಾಶವಾಗಿ ಓದಿ. ಕಾಮಗಾರಿಯ ಹೆಸರು, ಯೋಜನೆ, ಅಂದಾಜು ಮೊತ್ತ, ಅನುಷ್ಠಾನ ಇಲಾಖೆ, ಗುತ್ತಿಗೆದಾರರು. ಮೇಲೆ ದಪ್ಪಕ್ಷರದಲ್ಲಿ ‘ಮಾನ್ಯ ಶಾಸಕರ ಅನುದಾನದಲ್ಲಿ’ ಎಂದಿರುತ್ತದೆ. ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ; ಅದು ಕಾನೂನುಬದ್ಧವಾಗಿ ಆ ಸ್ಥಾನಕ್ಕೆ ಸೇರಿದ್ದು, ಆ ಮನುಷ್ಯನಿಗೆ ಸೇರಿದ್ದಲ್ಲ. ‘ಶಾಸಕರ’ ಎಂಬ ಷಷ್ಠೀ ವಿಭಕ್ತಿ ಈ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ. ಓದಿದವರಿಗೆ ಸಾಹೇಬರು ತಮ್ಮ ಮನೆಯಿಂದ ತಂದು ಹಾಕಿದಂತೆ ಕೇಳುತ್ತದೆ. ಭೂಮಿಪೂಜೆಯ ದಿನ ಹಾರ, ಶಾಲು, ಭಾಷಣ ಎಲ್ಲವೂ ಆ ವಿಭಕ್ತಿಯ ಸುತ್ತಲೇ ನಡೆಯುತ್ತವೆ. ರಸ್ತೆ ಎರಡು ಮಳೆಗೆ ಕಿತ್ತುಹೋದರೆ ಕೇಳಲು ಬಾಯಿ ಬರುವುದಿಲ್ಲ. ದಾನ ಬಂದ ಹಸುವಿನ ಹಲ್ಲು ಎಣಿಸಬಾರದು ಎಂದು ನಾವು ಚಿಕ್ಕಂದಿನಲ್ಲೇ ಕಲಿತವರು. ಈ ಗಾದೆ ರಸ್ತೆಗೂ ಆಸ್ಪತ್ರೆಗೂ ಅಂಟಿಕೊಂಡದ್ದರಿಂದ ನಮಗೆ ಆದ ನಷ್ಟ ಸಣ್ಣದಲ್ಲ.

ದಾನ ಎಂಬುದು ಈ ನೆಲಕ್ಕೆ ಹೊಸತೂ ಅಲ್ಲ, ಹಗುರವೂ ಅಲ್ಲ. ಹರಪನಹಳ್ಳಿ ಪಕ್ಕದ ಬಾಗಳಿಗೆ ಹೋದವರು ಕಲ್ಲೇಶ್ವರನ ಗುಡಿಯ ಕಂಬಗಳ ಕೆತ್ತನೆಗೆ ಮರುಳಾಗುತ್ತಾರೆ. ಅಲ್ಲಿ ಹತ್ತರಿಂದ ಹನ್ನೆರಡನೇ ಶತಮಾನದವರೆಗಿನ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ಸಿಕ್ಕಿವೆ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳ ಕ್ರಮವನ್ನು ನೋಡಿದರೆ ನನಗೆ ಗೌರವ ಮೂಡುತ್ತದೆ. ಯಾರು ಕೊಟ್ಟರು, ಯಾವ ದಿನ ಕೊಟ್ಟರು, ಎಷ್ಟು ಮತ್ತರು ಭೂಮಿ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಅದರ ಉತ್ಪನ್ನ ನಂದಾದೀವಿಗೆಗೋ ಗುಡಿಯ ಜೀರ್ಣೋದ್ಧಾರಕ್ಕೋ ಓದುವವರ ಊಟಕ್ಕೋ ಎಂಬುದನ್ನು ಬಿಡಿಸಿ ಬರೆದು, ಕೊನೆಗೆ ಇದನ್ನು ಕೆಡಿಸಿದವರಿಗೆ ಶಾಪವನ್ನೂ ಕೆತ್ತಿ ಮುಗಿಸುತ್ತಿದ್ದರು. ಕೆತ್ತಿದ್ದು ರಾಜಧಾನಿಯಲ್ಲಲ್ಲ, ಖರ್ಚಾಗುವ ಊರಿನಲ್ಲೇ, ಊರವರೆಲ್ಲ ಓಡಾಡುವ ಕಡೆ. ಇಂದಿನ ಲೆಕ್ಕಶೀರ್ಷಿಕೆಗಳಲ್ಲೂ ಇಷ್ಟೇ ಖಚಿತತೆ ಇದೆ, ಬಹುಶಃ ಇನ್ನೂ ಹೆಚ್ಚೇ. ಆದರೆ ಅವು ದಪ್ಪ ಬಜೆಟ್ ಸಂಪುಟಗಳಲ್ಲಿ, ಅಂಕಿಗಳ ಸಾಲಿನಲ್ಲಿ ಇರುತ್ತವೆ. ಊರಿಗೆ ಬರುವುದು ಫಲಕದ ನಾಲ್ಕು ಸಾಲು.

ಚಿಗಟೇರಿಯವರಿಗೆ ಅನುದಾನದ ಮಹಿಮೆ ಗೊತ್ತಾದದ್ದು ಭೂಪಟದ ಮೂಲಕ. 1953ರ ಅಕ್ಟೋಬರ್ 1ರವರೆಗೆ ಈ ತಾಲ್ಲೂಕಿನ ಲೆಕ್ಕವನ್ನು ಮದ್ರಾಸಿನಲ್ಲಿ ಓದಲಾಗುತ್ತಿತ್ತು, ಆಮೇಲೆ ಬೆಂಗಳೂರಿನಲ್ಲಿ. 1997ರಲ್ಲಿ ಹರಪನಹಳ್ಳಿ ಬಳ್ಳಾರಿಯಿಂದ ಬಿಡಿಸಿಕೊಂಡು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ದಾವಣಗೆರೆ ಹತ್ತಿರ, ಸಂತೆ-ಮಾರುಕಟ್ಟೆಯ ನಂಟೂ ಇದೆ, ಜನಕ್ಕೆ ಅದು ಅನುಕೂಲವೇ ಆಯಿತು. ಹದಿನೈದು ವರ್ಷ ಕಳೆದ ಮೇಲೆ ಅದೇ ಅನುಕೂಲ ಮುಳುವಾಯಿತು. ಈಗ ಕಲ್ಯಾಣ ಕರ್ನಾಟಕ ಎನ್ನುವ ಪ್ರದೇಶಕ್ಕಾಗಿ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ವಿಶೇಷ ಸ್ಥಾನಮಾನ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿಯಾಗಿ 2013ರಲ್ಲಿ ಜಾರಿಗೆ ಬಂತು. ಬಳ್ಳಾರಿ ಜಿಲ್ಲೆಗೆ ಅದು ಸಿಕ್ಕಿತು; ಬಳ್ಳಾರಿಯನ್ನು ಬಿಟ್ಟು ಬಂದಿದ್ದ ಹರಪನಹಳ್ಳಿಗೆ ಸಿಗಲಿಲ್ಲ. ಪಕ್ಕದ ಕೂಡ್ಲಿಗಿಯ, ಹಡಗಲಿಯ ಹುಡುಗನಿಗೆ ಮೆಡಿಕಲ್ ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲು. ಹೊಲದ ಬದುವಿನಾಚೆಯ ಚಿಗಟೇರಿಯ ಹುಡುಗನಿಗೆ ಇಲ್ಲ. ಅದೇ ಕೆಮ್ಮಣ್ಣು, ಅದೇ ಬರ, ಅದೇ ಗುಳೆ.

ಹಿಂದುಳಿದಿರುವುದಕ್ಕೆ ಪುರಾವೆ ಬೇಕಿದ್ದರೆ ಅದೂ ಇತ್ತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತ್ತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಹರಪನಹಳ್ಳಿ ಆ 39ರಲ್ಲಿತ್ತು. ಅಸಮತೋಲನ ನೀಗಲು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಬೇಕು ಎಂದು ಸಮಿತಿ ಲೆಕ್ಕ ಹಾಕಿಕೊಟ್ಟಿತ್ತು. ಆ ವರದಿಯಲ್ಲಿ ನನಗೆ ಇಷ್ಟವಾಗುವುದು ಅದರ ಧೋರಣೆ: ಹಿಂದುಳಿದ ತಾಲ್ಲೂಕಿನ ಮೇಲೆ ಕರುಣೆ ತೋರಿ ಎನ್ನದೆ, ಸಿಗಬೇಕಾದದ್ದು ಎಷ್ಟು ಸಿಗದೇ ಹೋಗಿದೆ ಎಂದು ಸೂಚ್ಯಂಕ ಹಿಡಿದು ತೋರಿಸುತ್ತದೆ.

ಕೊನೆಗೆ ಆಗ ಶಾಸಕರಾಗಿದ್ದ ಎಂ.ಪಿ. ರವೀಂದ್ರ ಅವರ ಪಟ್ಟು, ಜನರ ಹೋರಾಟ ಸೇರಿ 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಜೊತೆ ಅದೂ ಅತ್ತ ಹೋಯಿತು. ಊರು ಮಾತ್ರ ಇದ್ದಲ್ಲೇ ಇದೆ. ದೊಡ್ಡ ಕಾಯಿಲೆ ಬಂದರೆ ಈಗಲೂ ದಾವಣಗೆರೆಯ ಬಸ್ಸು ಹತ್ತುವವರಿದ್ದಾರೆ. ಅಲ್ಲಿನ ಜಿಲ್ಲಾಸ್ಪತ್ರೆಗೆ ಇರುವ ಹೆಸರೂ ಚಿಗಟೇರಿಯದ್ದೇ. ನೌಕರಿಗೆ, ಸೀಟಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣಕ್ಕೆ ಮಾತ್ರ ದಾಖಲೆಯಲ್ಲಿ ಜಿಲ್ಲೆಯ ಹೆಸರು ಬದಲಾಗಬೇಕಾಯಿತು. ಏಳು ಜಿಲ್ಲೆಗಳ ಆ ಮಂಡಳಿಗೆ 2025-26ರ ಬಜೆಟ್‌ನಲ್ಲಿ ಇಟ್ಟಿದ್ದು 5,000 ಕೋಟಿ.

ಆ ವರ್ಷದ ಬಜೆಟ್ ಮಂಡನೆಯಾದದ್ದು 2025ರ ಮಾರ್ಚ್ 7ರಂದು. ಸಿದ್ದರಾಮಯ್ಯನವರ ಹದಿನಾರನೆಯದು, ಗಾತ್ರ 4,09,549 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ 51,034 ಕೋಟಿ. ಇಲ್ಲೊಂದು ಗಮನಿಸುವ ಸಂಗತಿ ಇದೆ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ನಮ್ಮ ಹೆಣ್ಣುಮಕ್ಕಳು ಯಾರೂ ಅನುದಾನ ಎನ್ನುವುದಿಲ್ಲ. ‘ಗೃಹಲಕ್ಷ್ಮಿ ರೊಕ್ಕ ಬಂತೇನವ್ವಾ?’ ಎಂದೇ ಕೇಳುತ್ತಾರೆ. ನೇರ ಖಾತೆಗೆ ಬಿದ್ದು ಕೈಯಲ್ಲಿ ಎಣಿಸಬಹುದಾದದ್ದು ರೊಕ್ಕ. ಒಂದು ಕಂತು ತಡವಾದರೆ ಪಂಚಾಯ್ತಿಗೆ ಹೋಗಿ ಧೈರ್ಯವಾಗಿ ಕೇಳುತ್ತಾರೆ, ಏಕೆಂದರೆ ಅದು ತಮ್ಮದೆಂದು ಗೊತ್ತು. ಅದೇ ಹೆಣ್ಣುಮಗಳು ಅಂಗನವಾಡಿಯ ಛಾವಣಿ ಸೋರುವುದನ್ನು ಹೇಳುವಾಗ ದನಿ ತಗ್ಗಿಸುತ್ತಾಳೆ. ಅದು ಅನುದಾನದ ಬಾಬತ್ತು, ಕೊಟ್ಟರೆ ಉಂಟು. ಗ್ಯಾರಂಟಿಗಳಿಂದಾಗಿ ಕ್ಷೇತ್ರಕ್ಕೆ ಅನುದಾನ ಸಿಗುತ್ತಿಲ್ಲ ಎಂದು ಆಡಳಿತ ಪಕ್ಷದ ಶಾಸಕರೇ ಬಹಿರಂಗವಾಗಿ ಹೇಳಿಕೊಂಡರು, ಮುಖ್ಯಮಂತ್ರಿಗಳ ಮೂಲಸೌಕರ್ಯ ಕಾರ್ಯಕ್ರಮಕ್ಕೆಂದು ಅದೇ ಬಜೆಟ್‌ನಲ್ಲಿ 8,000 ಕೋಟಿ ಇಡಲಾಯಿತು. ರೊಕ್ಕ ಮತ್ತು ಅನುದಾನ ಒಂದನ್ನೊಂದು ತಿನ್ನುತ್ತವೆ ಎಂಬ ಜಗಳವನ್ನು ನಾನು ಪೂರ್ತಿ ಒಪ್ಪಲಾರೆ. ಕೈಗೆ ಬಂದ ರೊಕ್ಕ ಈ ಸೀಮೆಯ ಮನೆಗಳಲ್ಲಿ ಮಕ್ಕಳ ಫೀಸಾಗಿದೆ, ಔಷಧಿಯಾಗಿದೆ. ರಸ್ತೆ ಬೇಕೆನ್ನುವವರು ಅದನ್ನು ಕಸಿದು ಕೊಡಿ ಎನ್ನಬೇಕಾಗಿಲ್ಲ.

ಎರಡೂ ಒಂದೇ ಚೀಲದ ಹಣ. ಆ ವರ್ಷ ವಾಣಿಜ್ಯ ತೆರಿಗೆಯಿಂದ 1,20,000 ಕೋಟಿ, ಅಬಕಾರಿಯಿಂದ 40,000 ಕೋಟಿ ಎತ್ತುವ ಗುರಿ ಇತ್ತು. ಟ್ರ್ಯಾಕ್ಟರಿಗೆ ಹಾಕಿಸಿದ ಡೀಸೆಲ್, ಮದುವೆಗೆ ಕೊಂಡ ಬಟ್ಟೆ, ಅಣ್ಣತಮ್ಮಂದಿರ ಪಾಲುಪತ್ರದ ನೋಂದಣಿ ಎಲ್ಲದರಲ್ಲೂ ಚಿಗಟೇರಿ ತನ್ನ ಪಾಲು ಕಟ್ಟುತ್ತಿದೆ. ಕೊರತೆ ಬಿದ್ದದ್ದಕ್ಕೆ ತರುವ 1,16,000 ಕೋಟಿ ಸಾಲವನ್ನು ತೀರಿಸುವವರೂ ಇದೇ ಜನ, ಇವರ ಮಕ್ಕಳು.

ನಮ್ಮ ಸರ್ಕಾರಕ್ಕೆ ಇದು ತಿಳಿಯದ ವಿಷಯವಲ್ಲ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರೆಲ್ಲ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತು ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದರು. ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲು ಶೇ 4.713ರಿಂದ 3.647ಕ್ಕೆ ಇಳಿದದ್ದು, 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ್ದ 5,495 ಕೋಟಿ ವಿಶೇಷ ಅನುದಾನ ಕೈಗೆ ಬಾರದೇ ಹೋದದ್ದು ಅವರ ದೂರು. ದೂರು ನ್ಯಾಯವಾದದ್ದೆಂದೇ ನನ್ನ ನಂಬಿಕೆ. ದಿಲ್ಲಿಯ ಮುಂದೆ ಬೆಂಗಳೂರು ಆಡಿದ ಈ ಮಾತನ್ನು ಬೆಂಗಳೂರಿನ ಮುಂದೆ ಚಿಗಟೇರಿಯೂ ಆಡಬಹುದಲ್ಲವೇ? ನಮ್ಮ ಮನವಿ ಪತ್ರಗಳು ಇನ್ನೂ ‘ದಯಮಾಡಿ ಅನುದಾನ ಕರುಣಿಸಬೇಕಾಗಿ’ ಎಂದೇ ಮುಗಿಯುತ್ತವೆ.

ಈ ಪದಕ್ಕೆ ‘ರಹಿತ’ ಸೇರಿದಾಗಿನ ಕಷ್ಟವನ್ನು ಹೇಳದೆ ಬಿಡುವಂತಿಲ್ಲ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ಒಳಪಡಿಸಿ ಎಂಬ ಬೇಡಿಕೆ ಸರ್ಕಾರದಿಂದ ಸರ್ಕಾರಕ್ಕೆ ದಾಟುತ್ತಲೇ ಇದೆ. ಅಲ್ಲಿನ ಮೇಷ್ಟ್ರು ಸರ್ಕಾರಿ ಶಾಲೆಯ ಮೇಷ್ಟ್ರು ಕಲಿಸುವ ಪಠ್ಯವನ್ನೇ ಕಲಿಸುತ್ತಾರೆ, ಅದೇ ಎಸ್ಸೆಸ್ಸೆಲ್ಸಿಗೆ ಮಕ್ಕಳನ್ನು ಕೂಡಿಸುತ್ತಾರೆ, ಅತ್ಯಲ್ಪ ಸಂಬಳಕ್ಕೆ ನಿವೃತ್ತಿಯ ಅಂಚಿಗೆ ಬಂದಿದ್ದಾರೆ. ಕನ್ನಡದ ಹೆಸರಿನಲ್ಲಿ ನಡೆಯುವ ನಮ್ಮ ಎಷ್ಟೋ ಸಂಭ್ರಮಗಳಿಗಿಂತ ಈ ಒಂದು ಕಡತ ನನಗೆ ದೊಡ್ಡದಾಗಿ ಕಾಣುತ್ತದೆ.

ಅನುದಾನದ ಲೆಕ್ಕ ಕೇಳುವುದಕ್ಕೆ ವರ್ಷದಲ್ಲಿ ಒಂದು ದಿನವಂತೂ ಕಾನೂನಿನಲ್ಲೇ ಇದೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾ ಖರ್ಚಿನ ಪುಸ್ತಕ, ಬಿಲ್ಲು, ಅಳತೆ ಪುಸ್ತಕಗಳನ್ನು ಊರವರ ಎದುರು ತೆರೆದಿಡಬೇಕು. ಅಧಿಕಾರಿಗಳು ಕಾಮಗಾರಿ ಆದ ಜಾಗಕ್ಕೇ ಹೋಗಿ ನೋಡಬೇಕು. ಬಹಳ ಊರುಗಳಲ್ಲಿ ಅವತ್ತು ಪಂಚಾಯ್ತಿ ಸದಸ್ಯರು, ಪಿಡಿಒ, ನಾಲ್ಕಾರು ಜನ ಹಿರಿಯರು ಬಿಟ್ಟರೆ ಯಾರೂ ಇರುವುದಿಲ್ಲ. ಟೇಪು ಹಿಡಿದು ಚರಂಡಿಯ ಉದ್ದ ಅಳೆಯುವಾಗ ಇನ್ನೊಂದು ತುದಿಯನ್ನು ಆ ಓಣಿಯವರೇ ಹಿಡಿಯಲಿ. ಅಂದಾಜು ಪಟ್ಟಿಯಲ್ಲಿ ಎಷ್ಟು ಮೀಟರ್ ಬರೆದಿದೆ ಎಂದು ಅಲ್ಲೇ ನಿಂತು ಓದಿಸಲಿ.