ಸೊಸೆಯ ರಹದಾರಿ

ಮದುವೆಯಾದ ಹೆಣ್ಣುಮಗಳು ಗಂಡನ ಮನೆಗೆ ಹೋಗಲು ಯಾರ ಅಪ್ಪಣೆ ಬೇಕು? ಹಿಂದಿನವರನ್ನು ಕೇಳಿದ್ದರೆ ತಾಯಿತಂದೆಗಳ ಅಪ್ಪಣೆ, ಮನೆದೇವರ ಅಪ್ಪಣೆ, ಪಂಚಾಂಗದ ಅಪ್ಪಣೆ ಎಂದು ಬೆರಳು ಮಡಿಚಿ ಎಣಿಸುತ್ತಿದ್ದರು. ಸರಕಾರದ ಅಪ್ಪಣೆಯೂ ಬೇಕೆಂದಿದ್ದರೆ ನಕ್ಕುಬಿಡುತ್ತಿದ್ದರು. ಇಂದು ನಗುವಂತಿಲ್ಲ. ಗಂಡ ಲಂಡನ್ನಿನಲ್ಲಿಯೋ ಟೊರಾಂಟೊದಲ್ಲಿಯೋ ಇದ್ದನೆಂದರೆ ಹೆಂಡತಿಯು ಮೊದಲು ಆ ದೇಶದ ಸರಕಾರಕ್ಕೆ ಅರ್ಜಿ ಬರೆಯಬೇಕು. ತಾನು ಅವನ ಹೆಂಡತಿಯೇ ಹೌದೆಂದು ಕಾಗದಪತ್ರಗಳಿಂದ ಸಿದ್ಧಮಾಡಿ ತೋರಿಸಬೇಕು. ಅಲ್ಲಿಯ ಅಧಿಕಾರಿಗೆ ಅದು ಒಪ್ಪಿಗೆಯಾಗುವವರೆಗೆ ತವರಿನಲ್ಲಿಯೇ ಕಾಯಬೇಕು. ಇದೆಲ್ಲ ವಿಮಾನಯುಗದ ಹೊಸ ತೊಡಕೆಂದು ನಾವು ತಿಳಿದಿರುತ್ತೇವೆ. ಆದರೆ ಇದರ ಬೇರು ನೂರು ವರ್ಷಕ್ಕೂ ಹಿಂದಿನದು. ಆ ಬೇರಿನ ಒಂದು ಎಳೆ ನಮ್ಮ ಕೃಷ್ಣಾ-ಘಟಪ್ರಭೆಗಳ ನಡುವಣ ಎರೆಭೂಮಿಯಲ್ಲಿಯೂ ಹಾದುಹೋಗಿದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವು ಇಂದು ಬಾಗಲಕೋಟೆ ಜಿಲ್ಲೆಯ ನೆರೆಹೊರೆಯ ಊರುಗಳು. ಮುಂಜಾನೆ ಹೊರಟವನು ನಾಲ್ಕನ್ನೂ ಸುತ್ತಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. 1948ಕ್ಕಿಂತ ಮೊದಲು ಇದೇ ಸುತ್ತಾಟದಲ್ಲಿ ಅವನು ನಾಲ್ಕು ಆಡಳಿತಗಳನ್ನು ದಾಟುತ್ತಿದ್ದನು. ಜಮಖಂಡಿಯು ಪಟವರ್ಧನರ ಸಂಸ್ಥಾನ. ವಿಸ್ತಾರ ಸುಮಾರು 524 ಚದರ ಮೈಲಿ. ಮುಧೋಳವು ಘೋರ್ಪಡೆಯವರದು, ಅದು ಸುಮಾರು 368 ಚದರ ಮೈಲಿ. ಜೋಡಿ ಊರುಗಳಂತಿರುವ ರಬಕವಿ-ಬನಹಟ್ಟಿಗಳಲ್ಲಿ ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಸಾಂಗಲಿಯವರೂ ಪಟವರ್ಧನರೇ, ಆದರೆ ಶಾಖೆ ಬೇರೆ, ಬೊಕ್ಕಸ ಬೇರೆ. ಬೀಳಗಿಯಾದರೋ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯೊಳಗಿನದು. ಅಲ್ಲಿ ನೇರವಾಗಿ ಇಂಗ್ಲಿಷರ ಆಡಳಿತ.

ರಾಜ್ಯಗಳು ಬೇರೆಯಾದರೆ ಬೀಗತನ ಬೇರೆಯಾಗುತ್ತದೆಯೆ? ಮುಧೋಳದ ಹೆಣ್ಣು ಬೀಳಗಿಗೆ, ಜಮಖಂಡಿಯ ಹೆಣ್ಣು ರಬಕವಿಯ ನೇಕಾರರ ಮನೆಗೆ ಹೀಗೆ ಕೊಟ್ಟು ತರುವುದು ನಡೆದೇ ಇದ್ದಿತು. ಉಡಿ ತುಂಬಿ, ಬುತ್ತಿ ಕಟ್ಟಿ, ಚಕ್ಕಡಿ ಹೂಡಿದರೆ ಮುಗಿಯಿತು. ಹದ್ದಿನ ಕಲ್ಲು ಯಾವ ಹೊಲದ ಬದುವಿನಲ್ಲಿದೆಯೆಂದು ನಿಬ್ಬಣದವರು ನೋಡುತ್ತಿರಲಿಲ್ಲ. ಗಡಿಗಳ ವಿಷಯದಲ್ಲಿ ಈ ಉದಾಸೀನತೆ ನಮ್ಮಲ್ಲಿ ಬಹು ಹಳೆಯದು. ಮುಧೋಳವೇ ಹತ್ತನೆಯ ಶತಮಾನದ ರನ್ನನ ಹುಟ್ಟೂರು. ಬಳೆಗಾರರ ಕುಲದಲ್ಲಿ ಹುಟ್ಟಿದ ಆತನು ವಿದ್ಯೆಗಾಗಿ ಗಂಗರ ನಾಡಿಗೆ ಹೋದನು, ಮರಳಿ ಬಂದು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ನಮ್ಮ ಜನಪದದಲ್ಲಿ ಗಂಡನ ಮನೆಯ ಹೆಣ್ಣು ತವರಿಗೆ ಸುದ್ದಿ ಕಳುಹಿಸುವುದು ಬಳೆಗಾರನ ಕೈಯಲ್ಲಿಯೇ. ಮಲಾರವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುವವನಿಗೆ ಎಲ್ಲ ರಾಜ್ಯವೂ ಒಂದೇ.

ಆದರೆ ಕಾನೂನು ಬಳೆಗಾರನಲ್ಲ. ಅದು ಹದ್ದಿನ ಕಲ್ಲನ್ನು ಮೊದಲು ನೋಡುತ್ತದೆ. ಇಂಗ್ಲಿಷರ ಕಾನೂನಿನಂತೆ ಬೀಳಗಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಜಮಖಂಡಿ, ಮುಧೋಳ, ರಬಕವಿಗಳಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆಯಲ್ಲ. ಸಂಸ್ಥಾನಿಕನ ಪ್ರಜೆ, ಬ್ರಿಟಿಷರ ‘ರಕ್ಷಣೆಗೆ ಒಳಪಟ್ಟ ವ್ಯಕ್ತಿ’ ಮಾತ್ರ. ಸಮುದ್ರ ದಾಟುವ ಪ್ರಸಂಗ ಬಂದಾಗ ಪಾಸ್‌ಪೋರ್ಟಿನಲ್ಲಿ ಈ ಭೇದ ಅಕ್ಷರರೂಪದಲ್ಲಿ ಕಾಣಿಸಿಕೊಳ್ಳುತ್ತಿದ್ದಿತು. ಇದರ ಮೇಲೆ 1914ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ರಾಷ್ಟ್ರೀಯತೆಯ ಒಂದು ಕಾಯಿದೆಯನ್ನು ಮಾಡಿತು. ಬ್ರಿಟಿಷ್ ಪ್ರಜೆಯ ಹೆಂಡತಿ ಬ್ರಿಟಿಷ್ ಪ್ರಜೆ. ಪರಕೀಯನ ಹೆಂಡತಿ ಪರಕೀಯಳು ಎಂದು ಅದರ ಹತ್ತನೆಯ ಕಲಮು ಸಾರಿತು. ಪರಕೀಯನೆಂದರೆ ಯಾರು? ಬ್ರಿಟಿಷ್ ಪ್ರಜೆಯಲ್ಲದ ಯಾವನೂ ಎಂದು ಅದೇ ಕಾಯಿದೆಯ ಉತ್ತರ.

ಈ ಕಲಮನ್ನು ನಮ್ಮ ಸೀಮೆಗೆ ಹೊಂದಿಸಿ ನೋಡಿದರೆ ಸೋಜಿಗವೆನಿಸುತ್ತದೆ. ಮುಧೋಳದ ಹುಡುಗಿ ಬೀಳಗಿಯ ವರನಿಗೆ ಮಾಲೆ ಹಾಕಿದ ಕ್ಷಣದಲ್ಲಿ ಆಂಗ್ಲ ಚಕ್ರವರ್ತಿಯ ಪ್ರಜೆಯಾದಳು. ಬೀಳಗಿಯ ಹುಡುಗಿ ಮುಧೋಳದ ವರನ ಕೈಹಿಡಿದ ಕ್ಷಣದಲ್ಲಿ, ಕಾನೂನಿನ ಅಕ್ಷರದಂತೆ, ತಾನು ಹುಟ್ಟಿದ ಮಣ್ಣಿಗೇ ಪರಕೀಯಳಾದಳು. ಇಬ್ಬರೂ ಅದೇ ಜೋಳದ ರೊಟ್ಟಿ ಉಂಡವರು, ಅದೇ ನುಡಿ ಆಡಿದವರು. ಊರಲ್ಲಿಯೇ ಬಾಳಿ ಊರಲ್ಲಿಯೇ ಮಣ್ಣಾದವರಿಗೆ ಇದರ ಬಿಸಿ ತಟ್ಟಲಿಲ್ಲವೆಂಬುದು ನಿಜ. ಆದರೆ ಇದರೊಳಗಿನ ತತ್ತ್ವವನ್ನು ಗಮನಿಸಬೇಕು. ಹೆಣ್ಣಿಗೆ ಸ್ವಂತ ದೇಶವೆಂಬುದಿಲ್ಲ, ಗಂಡನ ದೇಶವೇ ಅವಳ ದೇಶ ಎಂಬುದೇ ಆ ತತ್ತ್ವ. ಇದು ಮನುಧರ್ಮಶಾಸ್ತ್ರದ ಮಾತೆಂದು ನಮ್ಮನ್ನು ಹಳಿಯುತ್ತಿದ್ದವರೇ ಅದನ್ನು ತಮ್ಮ ಕಾಯಿದೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು.

ಅಮೇರಿಕೆಯಲ್ಲಿಯೂ ಹೀಗೆಯೇ. 1907ರ ಕಾಯಿದೆಯಂತೆ ಪರದೇಶದವನನ್ನು ಮದುವೆಯಾದ ಅಮೇರಿಕನ್ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಇದನ್ನು ತಿದ್ದಿದರು. ಆದರೆ ಪೌರನಾಗಲು ಅರ್ಹನಲ್ಲದವನನ್ನು ವರಿಸಿದವಳಿಗೆ ಆ ತಿದ್ದುಪಡಿಯ ನೆರಳು ಸಿಗಲಿಲ್ಲ. ಮರುವರ್ಷವೇ, 1923ರಲ್ಲಿ, ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಪೌರರಾಗಲು ಅರ್ಹರಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೀಗಾಗಿ ಕ್ರಾಂತಿಕಾರಿ ತಾರಕನಾಥ ದಾಸರನ್ನು 1924ರಲ್ಲಿ ಲಗ್ನವಾದ ಮೇರಿ ಕೀಟಿಂಗ್ ಎಂಬ ಅಮೇರಿಕನ್ ಮಹಿಳೆ ತನ್ನ ದೇಶದಲ್ಲಿಯೇ ದೇಶವಿಲ್ಲದವಳಾದಳು. ಈ ಅನ್ಯಾಯವನ್ನು ತೆಗೆದುಹಾಕಲು 1931ರವರೆಗೆ ಕಾಯಬೇಕಾಯಿತು.

ಇನ್ನು ಭಾರತದಿಂದ ಗಂಡನಿದ್ದಲ್ಲಿಗೆ ಹೊರಟ ಹೆಂಡಂದಿರ ಕಥೆ. ಇದರ ಮೊದಲ ದೊಡ್ಡ ಅಧ್ಯಾಯ ದಕ್ಷಿಣ ಆಫ್ರಿಕದ್ದು. ಅಲ್ಲಿ ನೆಲೆಸಿದ್ದ ಹಸನ್ ಈಸೋಪ್ ಎಂಬವರು ತಮ್ಮ ಪತ್ನಿ ಬಾಯಿ ಮರಿಯಮ್ಮಳನ್ನು ಭಾರತದಿಂದ ಕರೆಯಿಸಿಕೊಂಡರು. ಅಧಿಕಾರಿಗಳು ಇಳಿಯಗೊಡಲಿಲ್ಲ. ಮೊಕದ್ದಮೆ ಕೇಪ್ ಪ್ರಾಂತದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮದ ವಿಧಿಯಂತೆ ಆದ ಮದುವೆಯು ಈ ದೇಶದ ಕಾನೂನಿನ ದೃಷ್ಟಿಯಲ್ಲಿ ಮದುವೆಯೇ ಅಲ್ಲ ಎಂದು ನ್ಯಾಯಮೂರ್ತಿ ಸರ್ಲ್ 1913ರ ಮಾರ್ಚ್ 14ರಂದು ತೀರ್ಪು ಕೊಟ್ಟರು. ಒಂದೇ ಏಟಿಗೆ ಅಲ್ಲಿಯ ಹಿಂದೂ, ಮುಸಲ್ಮಾನ, ಪಾರ್ಸಿ ಹೆಂಡಂದಿರೆಲ್ಲ ಕಾನೂನಿನ ಕಣ್ಣಿನಲ್ಲಿ ಹೆಂಡಂದಿರಲ್ಲದವರಾದರು. ಅವರ ಮಕ್ಕಳಿಗೆ ತಂದೆಯ ಆಸ್ತಿಯ ಹಕ್ಕೂ ಸಂಶಯಕ್ಕೆ ಬಿದ್ದಿತು. ಗಾಂಧೀಜಿಯವರ ಸತ್ಯಾಗ್ರಹದಲ್ಲಿ ಹೆಂಗಸರು ಕಾಲಿಟ್ಟುದು ಆಗಲೇ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಪರವಾನಗಿಯಿಲ್ಲದೆ ಗಡಿ ದಾಟಿ ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಅನುಭವಿಸಿದರು. ಜೋಹಾನ್ಸ್‌ಬರ್ಗಿನ ತಮಿಳು ಬಾಲೆ ವಳ್ಳಿಯಮ್ಮೆ ಸೆರೆಮನೆಯಲ್ಲಿ ಹತ್ತಿದ ಜ್ವರದಿಂದ 1914ರ ಫೆಬ್ರುವರಿಯಲ್ಲಿ ತೀರಿಕೊಂಡಳು, ವಯಸ್ಸು ಹದಿನಾರು. ಅದೇ ವರ್ಷ ಬಂದ ಪರಿಹಾರದ ಕಾಯಿದೆಯು ಒಬ್ಬಳೇ ಹೆಂಡತಿಯಿರುವ ಭಾರತೀಯ ಮದುವೆಯನ್ನು ಮಾನ್ಯಮಾಡಿತು. ಸತ್ಯಾಗ್ರಹದ ಚರಿತ್ರೆಯನ್ನು ಓದುವಾಗ ಮೂರು ಪೌಂಡಿನ ತೆರಿಗೆ ನಮಗೆ ನೆನಪಿರುತ್ತದೆ. ಅದರ ಪಕ್ಕದಲ್ಲಿಯೇ ಗಂಡನನ್ನು ಸೇರುವ ಹೆಂಡತಿಯ ಹಕ್ಕೂ ಇದ್ದಿತೆಂಬುದನ್ನು ಮರೆಯುತ್ತೇವೆ.

ಕೆನಡದಲ್ಲಿ ಬಾಗಿಲು ಮುಚ್ಚಿದ ಬಗೆ ಇನ್ನೊಂದು. ತಾಯ್ನಾಡಿನಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂದು 1908ರಲ್ಲಿ ನಿಯಮ ಮಾಡಿದರು. ಅಂಥ ಹಡಗು ಭಾರತದಿಂದ ಇರಲೇ ಇಲ್ಲ. 1912ರಲ್ಲಿ ಭಾಗ್ ಸಿಂಗ್, ಬಲವಂತ ಸಿಂಗ್ ಎಂಬವರ ಪತ್ನಿಯರು ವ್ಯಾಂಕೂವರಿಗೆ ಬಂದಿಳಿದಾಗ ಗಡೀಪಾರಿನ ಆಜ್ಞೆಯಾಯಿತು. ದೊಡ್ಡ ಕೂಗು ಎದ್ದ ಮೇಲೆ, ಹಕ್ಕೆಂದಲ್ಲ, ಕೃಪೆಯೆಂದು ಅವರನ್ನು ಇರಗೊಟ್ಟರು. ಹೆಂಡತಿ ಮಕ್ಕಳನ್ನು ಕರೆತರಬಹುದೆಂಬ ನಿಯಮ ಬಂದುದು 1919ರಲ್ಲಿ. ಅಮೇರಿಕೆಯು 1917ರಲ್ಲಿ ಹಾಕಿದ ಅಗಳಿಯನ್ನು 1946ರಲ್ಲಿ ತುಸುವೇ ಸಡಿಲಿಸಿ ವರ್ಷಕ್ಕೆ ನೂರು ಭಾರತೀಯರಿಗೆ ಎಡೆಮಾಡಿತು. 1965ರ ಕಾಯಿದೆಯಿಂದ ದೇಶವಾರು ಪಾಲುಪಟ್ಟಿ ಹೋಗಿ, ಪೌರರ ಪತಿಪತ್ನಿಯರು ಸಂಖ್ಯೆಯ ಮಿತಿಯಿಂದ ಹೊರಗುಳಿದರು. ಕನ್ನಡಿಗ ಡಾಕ್ಟರರ, ಎಂಜಿನಿಯರರ ಮನೆಗಳು ಅಲ್ಲಿ ತಲೆಯೆತ್ತಿದ್ದು ಆ ಮೇಲೆಯೇ.

ಬ್ರಿಟನ್ನಿನ ಕಥೆ ಹೆಚ್ಚು ಕಹಿಯಾದುದು. 1962ರ ಕಾಯಿದೆಯಲ್ಲಿ ಹೆಂಡತಿಗೆ ಅಡ್ಡಿಯಿರಲಿಲ್ಲ. 1969ರಿಂದ ಅವಳು ತನ್ನ ಊರಿನಲ್ಲಿದ್ದಾಗಲೇ ಪ್ರವೇಶಪತ್ರವನ್ನು ಪಡೆಯಬೇಕಾಯಿತು. ಮದುವೆಗೆಂದು ಬರುವ ವಾಗ್ದತ್ತ ವಧುವಿಗೆ ಮಾತ್ರ ಆ ಪತ್ರ ಬೇಡವಾಗಿದ್ದಿತು. ಈ ಸಣ್ಣ ಭೇದದಿಂದ ಎಂಥ ಅನಾಹುತ ಹುಟ್ಟಿತು ನೋಡಿ. 1979ರ ಜನವರಿಯಲ್ಲಿ ಭಾರತದ ಒಬ್ಬ ಶಿಕ್ಷಕಿ ಮದುವೆಗಾಗಿ ಲಂಡನ್ನಿನ ಹೀಥ್ರೋ ವಿಮಾನನಿಲ್ದಾಣದಲ್ಲಿ ಇಳಿದಳು. ಈಕೆ ವಧುವೋ, ಈಗಾಗಲೇ ಹೆಂಡತಿಯಾಗಿ ಪತ್ರವಿಲ್ಲದೆ ಬಂದವಳೋ ಎಂದು ಅಧಿಕಾರಿಗಳಿಗೆ ಸಂಶಯ ಬಂದು, ವೈದ್ಯನಿಂದ ಆಕೆಯ ಕನ್ಯತ್ವವನ್ನೇ ಪರೀಕ್ಷೆ ಮಾಡಿಸಿದರು. ಸುದ್ದಿ ಪತ್ರಿಕೆಯಲ್ಲಿ ಬಂದೊಡನೆ ಎರಡೂ ದೇಶಗಳಲ್ಲಿ ಕೋಲಾಹಲವಾಗಿ ಆ ಪದ್ಧತಿ ನಿಂತಿತು. ಆದರೆ ಸಂಶಯ ನಿಲ್ಲಲಿಲ್ಲ. ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲವೆಂದು ಗಂಡನೇ ಸಿದ್ಧಪಡಿಸಬೇಕೆಂಬ ನಿಯಮ 1980ರ ದಶಕದಲ್ಲಿ ಬಂದಿತು. ಇಲ್ಲದ ಉದ್ದೇಶವನ್ನು ಇಲ್ಲವೆಂದು ಸಾಧಿಸುವುದು ಯಾವ ತಾರ್ಕಿಕನಿಂದ ಸಾಧ್ಯ? ಗಂಡಂದಿರನ್ನು ಕರೆತರಲಾಗದ ಮೂವರು ಹೆಂಗಸರು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ, ಇದು ಲಿಂಗಭೇದವೆಂದು 1985ರಲ್ಲಿ ಗೆದ್ದರು. ಸರಕಾರ ಸಮಾನತೆಯನ್ನು ತಂದಿತು: ಗಂಡಂದಿರಿಗೆ ಸಡಿಲಿಸಿ ಅಲ್ಲ, ಹೆಂಡಂದಿರಿಗೂ ಅದೇ ಬಿಗಿಯನ್ನು ಹಾಕಿ! 1997ರಲ್ಲಿ ಆ ನಿಯಮ ಹೋಯಿತು. ಅದರ ಜಾಗದಲ್ಲಿ ವರಮಾನದ ಅಳತೆಗೋಲು ಬಂದಿತು. ಸಂಗಾತಿಯನ್ನು ಕರೆಸಿಕೊಳ್ಳುವವನಿಗೆ ವರ್ಷಕ್ಕೆ 18,600 ಪೌಂಡಿನ ಗಳಿಕೆ ಇರಬೇಕೆಂದು 2012ರಲ್ಲಿ ಹೇಳಿದರು. 2024ರ ಏಪ್ರಿಲಿನಲ್ಲಿ ಅದು 29,000ಕ್ಕೆ ಏರಿತು.

ಹೊರಗಿನವರನ್ನು ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1950ರ ಸಂವಿಧಾನದಿಂದ ಬೀಳಗಿಯ ಸೊಸೆಯೂ ಮುಧೋಳದ ಮಗಳೂ ಒಂದೇ ದೇಶದ ಪೌರರಾದರು. ಆದರೆ ನಮ್ಮ 1955ರ ಪೌರತ್ವದ ಕಾಯಿದೆಯಲ್ಲಿ ಭಾರತೀಯನನ್ನು ವರಿಸಿದ ಪರದೇಶದ ಹೆಣ್ಣಿಗೆ ನೋಂದಣಿಯ ದಾರಿಯಿದ್ದಿತು, ಭಾರತೀಯಳನ್ನು ವರಿಸಿದ ಗಂಡಿಗೆ ಇರಲಿಲ್ಲ. ಹೆಣ್ಣೇ ಗಂಡನ ದೇಶಕ್ಕೆ ಬರತಕ್ಕವಳೆಂಬ ಹಳೆಯ ತತ್ತ್ವವೇ ಇಲ್ಲಿಯೂ ಕುಳಿತಿದ್ದಿತು. 1986ರ ತಿದ್ದುಪಡಿಯಲ್ಲಿ ‘ಹೆಂಗಸರು’ ಎಂಬ ಮಾತು ಹೋಗಿ ‘ವ್ಯಕ್ತಿಗಳು’ ಎಂದಾಯಿತು. ಇಂದು ಅಂಥವರು ಏಳು ವರ್ಷ ಇಲ್ಲಿ ನೆಲೆಸಿದ ಮೇಲೆ ಅರ್ಜಿ ಹಾಕಬಹುದು.

ಕನ್ನಡ ಕಲಿಸುವವನಾದ ನನಗೆ ಈ ವಿಷಯದ ಪರಿಚಯವಾದುದು ಕಾಯಿದೆಯ ಪುಸ್ತಕಗಳಿಂದಲ್ಲ, ಲಗ್ನಪತ್ರಿಕೆಗಳಿಂದ. ಹಳೆಯ ವಿದ್ಯಾರ್ಥಿಗಳ ಮನೆಯವರು ಆಗಾಗ ಲಗ್ನಪತ್ರಿಕೆಯನ್ನು ತಂದು, “ಸರ್, ವೀಸಾಕ್ಕ ಬೇಕಾಗೇತಿ, ಇದನ್ನ ಇಂಗ್ಲಿಷಿಗೆ ಮಾಡಿಕೊಡ್ರಿ” ಎನ್ನುತ್ತಾರೆ. ‘ಶ್ರೀ ಬಸವೇಶ್ವರ ಪ್ರಸನ್ನ’, ‘ಗೋಧೂಳಿ ಮುಹೂರ್ತ’, ‘ಆಪ್ತೇಷ್ಟರು’ ಇವುಗಳಿಗೆ ಇಂಗ್ಲಿಷನ್ನು ಹೇಗೋ ಹೊಂದಿಸಬಹುದು. ಪತ್ರಿಕೆಯ ಹಿಂದಿರುವ ನಂಬಿಕೆಗೆ ಹೊಂದಿಸಲಾಗದು. ನಮ್ಮಲ್ಲಿ ಮದುವೆಗೆ ಪುರಾವೆಯೆಂದರೆ ಅಕ್ಕಿಕಾಳು ಹಾಕಿದ ಊರವರು. ಕರ್ನಾಟಕದಲ್ಲಿ ಮದುವೆಯ ನೋಂದಣಿಗೆ 1976ರಲ್ಲಿಯೇ ಕಾಯಿದೆಯಾಯಿತು; ಎಲ್ಲ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಆದೇಶಿಸಿತು. ಆದರೂ ಬಹುಮಂದಿ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುವುದು ಪಾಸ್‌ಪೋರ್ಟು, ವೀಸಾಗಳ ಮಾತು ಬಂದಾಗಲೇ.

ನೋಂದಣಿ ಬೇಡವೆಂದು ನಾನು ಹೇಳುವುದಿಲ್ಲ. ಗಂಡ ಕೈಬಿಟ್ಟಾಗ, ಪರದೇಶದಲ್ಲಿ ಕಷ್ಟ ಬಂದಾಗ, ಊರವರ ನೆನಪಿಗಿಂತ ಆ ಒಂದು ಕಾಗದವೇ ಹೆಣ್ಣಿಗೆ ಹೆಚ್ಚು ಆಸರೆಯಾದೀತು. ಮಗಳನ್ನು ದೂರ ದೇಶಕ್ಕೆ ಕೊಡುವ ತಂದೆತಾಯಿಗಳು ಬಂಗಾರವನ್ನು ತೂಗುವಷ್ಟೇ ಎಚ್ಚರದಿಂದ ಆ ದೇಶದ ನಿಯಮಗಳನ್ನೂ ತೂಗಿ ನೋಡಬೇಕು: ಅಲ್ಲಿ ಅವಳು ದುಡಿಯಬಹುದೆ? ಗಂಡನ ಪರವಾನಗಿ ಮುಗಿದರೆ ಅವಳ ಗತಿಯೇನು? ಅವಳ ಇರವು ಅವಳ ಹೆಸರಿನಲ್ಲಿದೆಯೋ, ಅವನ ಹೆಸರಿನಲ್ಲಿದೆಯೋ? ಅಮೇರಿಕೆಯಲ್ಲಿ ತಾತ್ಕಾಲಿಕ ಕೆಲಸದ ವೀಸಾದ ಮೇಲೆ ಇರುವವರ ಸಂಗಾತಿಗಳಲ್ಲಿ ಕೆಲವರಿಗೆ ದುಡಿಯುವ ಅನುಮತಿ ದೊರೆತುದೇ 2015ರಲ್ಲಿ. ಅದಕ್ಕೂ ಮೊದಲು ಓದುಬರಹ ಬಲ್ಲ ಎಷ್ಟು ಹೆಣ್ಣುಮಕ್ಕಳು ಅಲ್ಲಿ ಕೈಕಟ್ಟಿ ಕುಳಿತಿದ್ದರೆಂಬುದನ್ನು ಆ ಮನೆಗಳವರೇ ಬಲ್ಲರು.

ಮದುವೆಯಾದ ಹೆಣ್ಣಿನ ರಾಷ್ಟ್ರೀಯತೆಯು ಗಂಡನದರಿಂದ ಬೇರೆಯಾದುದೆಂದು ವಿಶ್ವಸಂಸ್ಥೆಯ ಒಡಂಬಡಿಕೆ 1957ರಲ್ಲಿ ಸಾರಿತು. ಕಾಗದದ ಮೇಲೆ ಆ ಮಾತು ಗಟ್ಟಿಯಾಗಿದೆ. ವೀಸಾದ ಅರ್ಜಿಯಲ್ಲಿ ಮಾತ್ರ ಅವಳು ಇಂದಿಗೂ ಇಂಥವನ ‘ಅವಲಂಬಿತೆ’. 1914ರ ಹತ್ತನೆಯ ಕಲಮು ಕಾಯಿದೆಯ ಪುಸ್ತಕದಿಂದ ಹೋಗಿ ಬಹಳ ವರ್ಷಗಳಾದವು. ಅರ್ಜಿಯ ನಮೂನೆಯಿಂದ ಅದನ್ನು ತೆಗೆದುಹಾಕುವ ಕೆಲಸ ಇನ್ನೂ ಉಳಿದಿದೆ.