ಜಯಕೀರ್ತಿಯ ‘ಛಂದೋನುಶಾಸನ’ ಮತ್ತು ಕನ್ನಡದ ಲಯ

ಪಂಡಿತಲೋಕವು ಸಂಸ್ಕೃತ ವೃತ್ತಗಳ ಗಾಂಭೀರ್ಯಕ್ಕೆ ಮಾರುಹೋಗಿದ್ದ ಕಾಲದಲ್ಲಿ ದೇಸೀ ಹಾಡಿನ ಲಯಕ್ಕೂ ಶಾಸ್ತ್ರದಲ್ಲಿ ಸ್ಥಾನವಿತ್ತವರಲ್ಲಿ ಜೈನ ವಿದ್ವಾಂಸನಾದ ಜಯಕೀರ್ತಿಯು ಪ್ರಮುಖನು. ಹನ್ನೊಂದನೆಯ ಶತಮಾನದವನೆಂದು ಎಣಿಸಲಾದ ಈತನ ‘ಛಂದೋನುಶಾಸನ’ವು ಸಂಸ್ಕೃತ ಗ್ರಂಥ, ಆದರೆ ಅದರ ಎಂಟು ಅಧಿಕಾರಗಳಲ್ಲಿ ಏಳನೆಯದು ಕನ್ನಡದ ಛಂದೋಜಾತಿಗಳಿಗೇ ಮೀಸಲು. ಈತನು ಕನ್ನಡನಾಡಿನವನೆನ್ನಲು ಇದೊಂದೇ ಅಧಿಕಾರ ಸಾಕು.

ಈ ಜಾತಿಗಳ ತಿರುಳು ಅಂಶಗಣ. ವೃತ್ತದಲ್ಲಿ ಗುರುಲಘುಗಳ ಸ್ಥಾನ ನಿಯತವಾದುದು. ಕಂದದಲ್ಲಿ ಮಾತ್ರೆಗಳ ಎಣಿಕೆ ಕಟ್ಟುನಿಟ್ಟು. ಅಂಶಗಣದಲ್ಲಾದರೋ ಗಣದ ಮೊದಲಿಗೆ ಒಂದು ಗುರು ಇಲ್ಲವೆ ಎರಡು ಲಘು ಸೇರಿ ಒಂದು ಅಂಶ. ಅಲ್ಲಿಂದ ಮುಂದೆ ಗುರುವೂ ಒಂದಂಶ, ಲಘುವೂ ಒಂದಂಶ. ಆದುದರಿಂದಲೇ ಓದುವಾಗ ಕುಂಟಿದಂತೆ ತೋರುವ ತ್ರಿಪದಿಯು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ಕೊರಳಿನಲ್ಲಿ, ಲಘುವನ್ನು ಎಳೆದು ಹಾಡಿದೊಡನೆ, ಸರಿದೂಗುತ್ತದೆ. ಹನ್ನೊಂದು ಗಣಗಳ ಆ ಪದ್ಯದಲ್ಲಿ ಆರನೆಯ ಹಾಗೂ ಹತ್ತನೆಯ ಸ್ಥಾನಗಳಲ್ಲಿ ಬರುವ ಗಿಡ್ಡನೆಯ ಬ್ರಹ್ಮಗಣವೇ ಅದರ ನಡೆಗೆ ಬಳುಕನ್ನು ಕೊಡುವುದು.

ಈ ಗ್ರಂಥದ ಓಲೆಪ್ರತಿಯು ಉಳಿದು ಬಂದುದು ದೂರದ ಜೈಸಲ್ಮೇರಿನ ಜೈನ ಭಂಡಾರದಲ್ಲಿ. ಪ್ರತಿಯ ಕಾಲ ವಿಕ್ರಮ ಸಂವತ್ 1192. ಮರುಭೂಮಿಯ ಶ್ರಾವಕರು ತಮ್ಮದಲ್ಲದ ನುಡಿಯೊಂದರ ಹಾಡಿನ ಲಕ್ಷಣವನ್ನು ಶತಮಾನಗಳ ಕಾಲ ಜೋಪಾನ ಮಾಡಿದರು. ಎಚ್. ಡಿ. ವೇಲಣಕರರು ಅದನ್ನು 1949ರಲ್ಲಿ ‘ಜಯದಾಮನ್’ ಸಂಪುಟದಲ್ಲಿ ಸಂಪಾದಿಸಿ ಬೆಳಕಿಗೆ ತಂದರು.